ಸಾಣೆಕಲ್ಲಿನ ಮೇಲೆ ತೇಯ್ದ ಬೇರು

ಆಸ್ಪತ್ರೆಯ ಫಾರ್ಮಸಿಸ್ಟ್ ಎಂದರೆ ಮಾತ್ರೆ ಎಣಿಸಿ ಕವರಿಗೆ ಹಾಕುವವಳು ಎಂದೇ ಮೈಸೂರಿನ ನನ್ನ ನೆಂಟರು ಇಂದಿಗೂ ನಂಬಿದ್ದಾರೆ. ತಿದ್ದಲು ಹೋಗಿ ಸಾಕಾಗಿ ಬಿಟ್ಟಿದ್ದೇನೆ. ನಿಜ ಹೇಳಬೇಕೆಂದರೆ ವಾಯವ್ಯ ಲಂಡನ್ನಿನ ಈ ಆಸ್ಪತ್ರೆಯಲ್ಲಿ ನಾನು ಮಾತ್ರೆ ಮುಟ್ಟುವುದೇ ಅಪರೂಪ. ನನ್ನದು ಪ್ರಶ್ನೆ ಕೇಳುವ ಕೆಲಸ. ತುರ್ತು ವಿಭಾಗಕ್ಕೆ ಬಂದ ರೋಗಿ ಮನೆಯಲ್ಲಿ ಏನೇನು ನುಂಗುತ್ತಿದ್ದರು ಎಂದು ಕನಿಷ್ಠ ಎರಡು ಮೂಲದಿಂದ ಖಚಿತಪಡಿಸಿಕೊಳ್ಳಬೇಕು. ಒಂದು ಮೂಲ ಜಿಪಿಯ, ಎಂದರೆ ರೋಗಿಯ ಬಡಾವಣೆಯ ಡಾಕ್ಟರ ಕಂಪ್ಯೂಟರ್, ಇನ್ನೊಂದು ರೋಗಿಯ ಬಾಯಿ. ಈ ಎರಡರಲ್ಲಿ ಹೆಚ್ಚು ಸುಳ್ಳು ಹೇಳುವುದು ಯಾವುದು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳಿದರೆ, ಎರಡೂ ಅಣ್ಣತಮ್ಮಂದಿರೇ ಎನ್ನುತ್ತೇನೆ.

ಚಳಿಗಾಲದ ಒಂದು ಬೆಳಗ್ಗೆ ಕಿಂಗ್ಸ್‌ಬರಿಯಿಂದ ಆಂಬುಲೆನ್ಸಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಂದರು. ಧಾರವಾಡದ ಕಡೆಯವರು. ಮಗಳ ಬಾಣಂತನಕ್ಕೆಂದು ಇಲ್ಲಿಗೆ ಬಂದಿದ್ದರು. ಬೆಳಗ್ಗೆ ಎದ್ದು ಅಡುಗೆಮನೆಯಲ್ಲಿ ಏನೋ ಕೆಲಸ ಮಾಡುತ್ತಿದ್ದವರಿಗೆ ವಾಂತಿ ಶುರುವಾಗಿ, ಕೈಕಾಲು ಸೆಳೆತ ಬಂದು, ಅಲ್ಲೇ ಕುಸಿದಿದ್ದರು. ಜೊತೆಯಲ್ಲಿ ಅವರ ಅಳಿಯ ಇದ್ದ. ಅವನೂ ಧಾರವಾಡದವನೇ, ಲಂಡನ್ನಿನ ಬೇರೊಂದು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು.

ನಾನು ಹೋಗುವ ಹೊತ್ತಿಗೆ ಮಂಚದ ಸುತ್ತ ಐದಾರು ಜನ ಸೇರಿದ್ದರು. ಹೃದಯದ ಬಡಿತ ತೋರಿಸುವ ಪರದೆಯನ್ನು ನೋಡಿ ನಾನೂ ಒಂದು ಕ್ಷಣ ನಿಂತುಬಿಟ್ಟೆ. ಒಂದು ಬಡಿತದ ಗೆರೆ ಮೇಲಕ್ಕೆ ಹೋಗುತ್ತಿತ್ತು, ಮರುಬಡಿತದ್ದು ಕೆಳಕ್ಕೆ. ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ಸ್ವಲ್ಪ ಹೊತ್ತು ಹಾಗೆ ಓಡಿ ತಾನಾಗಿಯೇ ಸರಿಹೋಗುತ್ತಿತ್ತು, ಆಗ ಅವರು ಕಣ್ಣು ಬಿಡುತ್ತಿದ್ದರು. ಇನ್ನೇನು ಉಸಿರು ಬಿಡೋಣ ಎನ್ನುವಷ್ಟರಲ್ಲಿ ಪುನಃ ಶುರು. ರಕ್ತದೊತ್ತಡ ನೆಲ ಕಚ್ಚಿತ್ತು.

ಬಡಿತ ಹೀಗೆ ದಿಕ್ಕು ಬದಲಿಸುವುದನ್ನು ನಾವು ಪುಸ್ತಕದಲ್ಲಿ ಓದಿದ್ದೇ ಹೆಚ್ಚು, ಕಣ್ಣಾರೆ ನೋಡಿದ್ದು ಕಡಿಮೆ. ಕಂಡರೆ ಮೊದಲು ಅನುಮಾನ ಬರುವುದು ಡಿಜಾಕ್ಸಿನ್ ಎಂಬ ಹೃದಯದ ಮಾತ್ರೆ ಹೆಚ್ಚಾಗಿದೆ ಎಂದು. ಹೃದ್ರೋಗ ವಿಭಾಗದ ಕನ್ಸಲ್ಟೆಂಟ್ ನನ್ನ ಕಡೆ ತಿರುಗಿ ಕೇಳಿದ್ದೂ ಅದನ್ನೇ. ಇವರು ಏನು ತೆಗೆದುಕೊಳ್ಳುತ್ತಾರೆ?

ಉತ್ತರ ಕೊಟ್ಟದ್ದು ಅಳಿಯ. "ಬಿಪಿ ಮತ್ತು ಶುಗರ್ ಮಾತ್ರೆ, ಅಷ್ಟೇ. ಊರಿಂದ ತಂದದ್ದನ್ನ ನಾನೇ ಚೆಕ್ ಮಾಡೀನಿ. ಡಿಜಾಕ್ಸಿನ್ ಮನಿಯೊಳಗ ಯಾರೂ ತಗೊಳ್ಳೂದಿಲ್ಲ."

ಆತ ಮಾತ್ರೆಯ ಪಟ್ಟಿಗಳನ್ನು ಚೀಲದಲ್ಲಿ ತಂದೂ ಇದ್ದ. ಅಂಥ ಮನೆಯವರು ಸಿಕ್ಕರೆ ನನಗೆ ಹಬ್ಬ. ಎರಡನ್ನೂ ಪರೀಕ್ಷಿಸಿದೆ. ಈ ಬಡಿತಕ್ಕೂ ಅವಕ್ಕೂ ಸಂಬಂಧವೇ ಇರಲಿಲ್ಲ. ಆದರೂ ರಕ್ತವನ್ನು ಲ್ಯಾಬಿಗೆ ಓಡಿಸಿದರು. ಅಷ್ಟರಲ್ಲಿ ಮೆಗ್ನೀಸಿಯಂ ಹೋಯಿತು, ಬಡಿತ ಸರಿಪಡಿಸುವ ಅಮಿಯೊಡರೋನ್ ಹೋಯಿತು. ಒಮ್ಮೆ ಪೂರ್ತಿ ಪ್ರಜ್ಞೆ ತಪ್ಪಿದಾಗ ಎದೆಗೆ ಶಾಕ್ ಕೊಟ್ಟರು. ಬಡಿತ ನೆಟ್ಟಗಾಗಿ, ನೋಡನೋಡುತ್ತಿದ್ದಂತೆಯೇ ಹಳೆಯ ಚಾಳಿಗೆ ಬಿತ್ತು. ಲ್ಯಾಬಿನಿಂದ ಫೋನ್ ಬಂತು. ರಕ್ತದಲ್ಲಿ ಡಿಜಾಕ್ಸಿನ್ ಸುಳಿವೇ ಇಲ್ಲ.

ಕನ್ಸಲ್ಟೆಂಟ್ ನಮ್ಮನ್ನು ಒಂದು ಪಕ್ಕಕ್ಕೆ ಕರೆದರು. ಅವರು ಮಾತು ಕಡಿಮೆಯ ಮನುಷ್ಯ. ಹೃದಯದ ರಕ್ತನಾಳ ಕಟ್ಟಿಕೊಂಡು ಹೀಗಾಗಿದ್ದರೆ ಒಂದು ದಾರಿ, ಯಾವುದೋ ವಿಷದಿಂದ ಆಗಿದ್ದರೆ ಇನ್ನೊಂದು ದಾರಿ ಎಂದರು. ಅವರ ಮನಸ್ಸಿನಲ್ಲಿದ್ದ ಫ್ಲೆಕೈನೈಡ್ ಎಂಬ ಔಷಧ ಕೆಲವು ವಿಷಗಳಿಗೆ ಮದ್ದು, ಆದರೆ ರಕ್ತನಾಳ ಕಟ್ಟಿಕೊಂಡ ಹೃದಯಕ್ಕೆ ಕೊಟ್ಟರೆ ಅದೇ ಕೊಂದುಬಿಡಬಹುದು. ಕಾರಣ ಗೊತ್ತಿಲ್ಲದೆ ಅದನ್ನು ಕೊಡುವಂತಿಲ್ಲ. ಕಾರಣ ಗೊತ್ತಾಗುವವರೆಗೆ ಈ ಹೃದಯ ತಡೆಯುತ್ತದೆಯೇ ಎಂಬುದೂ ಗೊತ್ತಿಲ್ಲ.

"ಇನ್ನೊಂದು ಸಲ ಕೇಳಿ ನೋಡು" ಎಂದು ನನಗೆ ಹೇಳಿ ಅವರು ಮಂಚದ ಕಡೆ ಹೊರಟರು.

ನಾವು ಅಲ್ಲಿಯವರೆಗೆ ರೋಗಿಯನ್ನು ಕೇಳಿಯೇ ಇರಲಿಲ್ಲ ಎಂಬುದು ಆಗ ನನ್ನ ತಲೆಗೆ ಬಂತು. ಕೇಳಿದ್ದೆಲ್ಲ ಅಳಿಯನನ್ನು. ಮನೆಯವರನ್ನು ದುಭಾಷಿಯಾಗಿ ಬಳಸಬಾರದು ಎಂಬುದು ಇಲ್ಲಿಯ ನಿಯಮ. ದುಭಾಷಿಯೇ ಡಾಕ್ಟರಾದಾಗ ಆ ನಿಯಮ ಯಾರಿಗೂ ನೆನಪಾಗುವುದಿಲ್ಲ. ಅಳಿಯನಿಗೆ ಹೊರಗೆ ಕೂರಲು ಹೇಳಿದೆ. ಅವನ ಮುಖ ಗಂಟಿಕ್ಕಿತು.

"ನಾನು ಡಾಕ್ಟರು ಇದ್ದೀನ್ರಿ. ನನಗ ಗೊತ್ತಿಲ್ದ ಅವರು ಏನೂ ತಗೊಳ್ಳೂದಿಲ್ಲ."

"ಗೊತ್ತು. ಆದರೂ ಐದು ನಿಮಿಷ" ಎಂದೆ. ಹೋದ.

ನಾನು ಮಂಚದ ತಲೆಯ ಬಳಿ ಬಗ್ಗಿ ಕನ್ನಡದಲ್ಲಿ ಮಾತಾಡಿಸಿದೆ. ಅವರ ಕಣ್ಣು ಥಟ್ಟನೆ ನನ್ನ ಮೇಲೆ ನೆಟ್ಟಿತು.

"ನೀ ನಮ್ಮಾಕಿ ಏನವಾ? ಯಾವೂರು?"

"ಮೈಸೂರು ಅಮ್ಮ. ಈಗ ಹೇಗನ್ನಿಸ್ತಿದೆ?"

"ಬಾಯಾಗ ಜುಂ ಜುಂ ಅಂತೈತಿ. ತುಟಿ, ನಾಲಿಗಿ, ಎಲ್ಲಾ. ಕೈಬೆರಳಿಗೆ ಇರಬಿ ಹತ್ತಿಧಂಗ."

ಬಾಯಿ ಜುಮ್ಮೆನ್ನುವುದು. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ವಾಂತಿ, ಸುಸ್ತು, ಎದೆಬಡಿತ ಎಂದಷ್ಟೇ ಬರೆದಿತ್ತು. ಮೈಸೂರಿನ ಕಾಲೇಜಿನಲ್ಲಿ ಗಾಜಿನ ಬಾಟಲಿಗಳಲ್ಲಿ ಬೇರುಗಳನ್ನಿಟ್ಟು ಗುರುತಿಸಲು ಹೇಳುತ್ತಿದ್ದ ತರಗತಿ ನೆನಪಾಯಿತು. ಒಂದು ಬಾಟಲಿಯ ಮುಚ್ಚಳವನ್ನು ಮಾತ್ರ ಮೇಷ್ಟ್ರು ನಮಗೆ ತೆಗೆಯಲು ಬಿಡುತ್ತಿರಲಿಲ್ಲ. ಅದು ವತ್ಸನಾಭಿ, ನಾಲಿಗೆ ಜುಮ್ಮೆನ್ನಿಸಿ ಹೃದಯ ಕೆಡಿಸುವ ವಿಷದ ಬೇರು.

"ಅಮ್ಮ, ಬೆಳಗ್ಗೆ ಎದ್ದು ಏನಾದರೂ ತಗೊಂಡ್ರಾ? ಬೇರು, ಪುಡಿ, ಕಷಾಯ?"

ಅವರು ಬಾಗಿಲ ಕಡೆ ನೋಡಿದರು. "ಅಳ್ಯಾ ಹೊರಗ ಹೋದ್ರೇನು?"

"ಹೋಗಿದ್ದಾರೆ."

"ಅವರಿಗೆ ಹೇಳಬ್ಯಾಡ. ಆಣಿ ಮಾಡು. ಮಗಳ ಮನ್ಯಾಗ ಇದ್ದು ನಾ ಹಿಂಥಾ ಕೆಲಸ ಮಾಡಿದೆ ಅಂದ್ರ ಮಾರಿ ಹೆಂಗ ತೋರಿಸ್ಲಿ?"

"ಹೇಳಲ್ಲ" ಎಂದೆ. ಆ ಹೊತ್ತಿನಲ್ಲಿ ನಾನು ಏನು ಬೇಕಾದರೂ ಒಪ್ಪಿಕೊಳ್ಳುತ್ತಿದ್ದೆ.

ತಡೆತಡೆದು ಹೇಳಿದರು. ನಡುವೆ ಒಮ್ಮೆ ಬಡಿತ ತಪ್ಪಿ ಕಣ್ಣು ಮೇಲಾಯಿತು, ನರ್ಸ್ ಓಡಿಬಂದರು, ಮತ್ತೆ ಸರಿಹೋಯಿತು. ತುಂಡುತುಂಡಾಗಿ ಕೇಳಿದ್ದನ್ನು ಜೋಡಿಸಿ ಹೇಳುತ್ತೇನೆ.

ಅವರಿಗೆ ಮೊಣಕಾಲು ನೋವು. ಊರಿನಲ್ಲೇ ಇತ್ತು, ಇಲ್ಲಿಯ ಥಂಡಿಗೆ ಕೂತರೆ ಏಳದ ಹಾಗಾಗಿತ್ತು. ಆದರೆ ಅವರು ಬಂದದ್ದೇ ಕೂಸಿಗೆ ಎರೆಯಲು. ನಮ್ಮಲ್ಲಿ ಎಳೆಗೂಸಿಗೆ ಎರೆಯುವುದೆಂದರೆ ನೆಲದ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು. ಫ್ಲ್ಯಾಟಿನ ಇಕ್ಕಟ್ಟು ಬಚ್ಚಲಿನಲ್ಲಿ ಕೂತವರಿಗೆ ಕೂಸನ್ನು ಎತ್ತಿಕೊಂಡು ಏಳುವುದೇ ದೊಡ್ಡ ಭಯವಾಗಿತ್ತು. ಕೂಸನ್ನು ಕೈಬಿಟ್ಟರೆ? ಮಗಳಿಗೆ ಹೇಳಿದರೆ ಅವಳು ಗಂಡನಿಗೆ ಹೇಳುತ್ತಾಳೆ.

"ನಿಮ್ಮ ಅಳಿಯ ಮೊಣಕಾಲಿನ ಡಾಕ್ಟರೇ ಅಲ್ವಾ ಅಮ್ಮ?" ಎಂದೆ. ನನಗೆ ಸಿಟ್ಟೇ ಬಂದಿತ್ತು.

"ಅಳ್ಯಾಗ ಕಾಲ ಬಿಚ್ಚಿ ತೋರಿಸ್ಲೇನು?" ಎಂದರು.

ಮದುವೆಯಲ್ಲಿ ಆತನ ಪಾದ ತೊಳೆದ ಕೈ ಅದು.

ಕೆಳಗಿನ ಮನೆಯಲ್ಲಿ ಒಬ್ಬ ಚೀನೀ ಅಜ್ಜಿ ಇದ್ದರು. ಲಿಫ್ಟಿನಲ್ಲಿ ಇಬ್ಬರೂ ಮೊಣಕಾಲು ಹಿಡಿದುಕೊಂಡು ನಿಂತಾಗ ಸ್ನೇಹವಾಗಿತ್ತು. ಇಬ್ಬರಿಗೂ ಇಂಗ್ಲಿಷ್ ಬಾರದು, ಇವರಿಗೆ ಚೀನೀ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಚಕ್ಕುಲಿ ಕೆಳಗೆ ಹೋಗುತ್ತಿತ್ತು, ಕಿತ್ತಳೆಹಣ್ಣು ಮೇಲೆ ಬರುತ್ತಿತ್ತು. ಒಂದು ದಿನ ಆ ಅಜ್ಜಿ ತನ್ನ ಮೊಣಕಾಲು ತಟ್ಟಿ ತೋರಿಸಿ, ಕಾಗದದ ಪೊಟ್ಟಣದಿಂದ ಕಪ್ಪು ಬೇರಿನ ತುಂಡುಗಳನ್ನು ಕೊಟ್ಟರು. ಅವರ ನೆಂಟರು ಊರಿಂದ ತಂದುಕೊಟ್ಟದ್ದು ಎಂದು ಆಮೇಲೆ ತಿಳಿಯಿತು. ಇಲ್ಲಿ ಅದನ್ನು ಡಾಕ್ಟರ ಚೀಟಿಯಿಲ್ಲದೆ ಹೊಟ್ಟೆಗೆ ಕೊಡುವಂತಿಲ್ಲ.

"ಕುದಿಸು ಅಂತ ಹೇಳಿದ್ರು. ಹಿಂಗ ಕೈ ತಿರುಗಿಸಿ ತಿರುಗಿಸಿ ಬಾಳ ಹೊತ್ತು ಅಂತ ತೋರಿಸಿದ್ರು. ನನಗ ತಿಳೀತು. ಆದ್ರ ಕುದಿಸಿದ್ರ ಮನಿ ತುಂಬ ವಾಸನಿ ಆಗತೈತೆಲ್ಲ? ಮ್ಯಾಲಿಂದ ಆ ಹೊಗಿ ಗಂಟಿ ಬಡಕೋತೈತಿ. ಅಳ್ಯಾಗ ಗೊತ್ತಾಗಿಬಿಡತೈತಿ. ಅದಕ್ಕ ತೇಯ್ದೆ."

"ತೇಯ್ದ್ರಾ?"

"ಸಾಣಿಕಲ್ಲ ಮ್ಯಾಲ. ಹಾಲು ಹಾಕಿ. ಬಜಿ ತೇಯತೀವಲ್ಲ, ಹಂಗ."

ಕೂಸುಗಳಿಗೆ ಬಜೆ, ಜಾಯಿಕಾಯಿ, ಅರಿಶಿನದ ಕೊಂಬು ಇವನ್ನೆಲ್ಲ ಕಲ್ಲಿನ ಮೇಲೆ ಹಾಲಿನಲ್ಲಿ ಒಂದೆರಡು ಸುತ್ತು ತೇಯ್ದು ನೆಕ್ಕಿಸುವುದು ನಮ್ಮಲ್ಲಿ ಮನೆಮನೆಯ ಪದ್ಧತಿ. ನನ್ನ ಅಜ್ಜಿಯೂ ನನಗೆ ನೆಕ್ಕಿಸಿದ್ದಾರೆ. ಸುತ್ತು ಕಡಿಮೆಯಾದರೆ ಔಷಧ ಕಡಿಮೆ, ಕೈ ಅಳತೆಯೇ ಅಳತೆ. ಈ ಬೇರಿನ ವಿಷ ಮುರಿಯಬೇಕಾದರೆ ಗಂಟೆಗಟ್ಟಲೆ ನೆನೆಸಿ ಕುದಿಸಬೇಕು. ಚೀನೀಯರು ಹಾಗೆ ಮಾಡುತ್ತಾರೆ, ನಮ್ಮ ವೈದ್ಯರು ವತ್ಸನಾಭಿಯನ್ನು ಗೋಮೂತ್ರದಲ್ಲೋ ಹಾಲಿನಲ್ಲೋ ಶುದ್ಧಿ ಮಾಡುತ್ತಾರೆ. ಇಬ್ಬರಿಗೂ ಅದು ಮದ್ದಾಗುವುದು ಆ ಸಂಸ್ಕಾರ ಆದ ಮೇಲೆಯೇ. ಈ ತಾಯಿ ಒಬ್ಬರ ಬೇರನ್ನು ಇನ್ನೊಬ್ಬರ ಕಲ್ಲಿಗೆ ಇಟ್ಟಿದ್ದರು. ಮೊದಲ ಕೆಲವು ದಿನ ಒಂದೇ ಸುತ್ತು ತೇಯ್ದಿದ್ದರಂತೆ, ಬಾಯಿ ಸ್ವಲ್ಪ ಜೋಮು ಹಿಡಿದು ನೋವು ಇಳಿದಿತ್ತಂತೆ. ಈ ದಿನ ಕಾಲು ಮಡಚಲೇ ಆಗದೆ, ಎಲ್ಲರೂ ಏಳುವ ಮುಂಚೆ ಕೈತುಂಬ ತೇಯ್ದಿದ್ದರು.

ನನಗೆ ಬೇಕಾದದ್ದು ಸಿಕ್ಕಿತ್ತು. ಕನ್ಸಲ್ಟೆಂಟ್ ಬಳಿ ಓಡಲು ಎದ್ದವಳು ಅರ್ಧದಲ್ಲಿ ನಿಂತೆ.

"ಅಮ್ಮ, ಕೂಸಿಗೆ ಬಜೆ ತೇಯೋದು ಯಾವ ಕಲ್ಲಿನ ಮೇಲೆ?"

"ಅದ ಕಲ್ಲ. ದಿನಾ ಕೂಸಿಂದು ಮೊದಲ ತೇಯತೀನಿ, ಆಮ್ಯಾಲ ನಂದು, ಆಮ್ಯಾಲ ಬಿಸಿನೀರಾಗ ತಿಕ್ಕಿ ತೊಳೀತೀನಿ."

"ಇವತ್ತು?"

"ಇವತ್ತ ನಂದ ಮೊದಲ ತೇಯ್ದೆ" ಎಂದರು. ಆ ಮುಖವನ್ನು ನಾನು ಮರೆತಿಲ್ಲ. ತೊಳೆಯುವ ಮುಂಚೆ ಕುಸಿದಿದ್ದರು. ಕಲ್ಲು ಅಡುಗೆಕಟ್ಟೆಯ ಮೇಲೆ ಹಾಗೇ ಇತ್ತು. ಮನೆಯಲ್ಲಿದ್ದವಳು ಮಗಳೊಬ್ಬಳೇ, ಕೂಸಿನ ಜೊತೆ. ಗಲಾಟೆಯಲ್ಲಿ ಕೂಸಿನ ಸ್ನಾನ, ಬಜೆ ಎಲ್ಲ ತಪ್ಪಿತ್ತು. ಮಧ್ಯಾಹ್ನವಾದರೂ ಅದನ್ನು ಮುಗಿಸದೆ ಬಿಡುವವಳಲ್ಲ ಮಗಳು, ತಾಯಿಯೇ ಕಲಿಸಿದ ಪಾಠ.

"ಮಗಳ ನಂಬರು ಹೇಳಿ."

ಬಾಯಿಗೆ ಬರಲಿಲ್ಲ ಅವರಿಗೆ. ಅವರ ಫೋನು ಮನೆಯಲ್ಲಿತ್ತು. ನಮ್ಮ ದಾಖಲೆಯಲ್ಲಿ ಇದ್ದದ್ದು ಅಳಿಯನ ನಂಬರು ಮಾತ್ರ. ಅಳಿಯ ಬಾಗಿಲಾಚೆ ಕುರ್ಚಿಯಲ್ಲಿದ್ದ.

ರೋಗಿ ಹೇಳಿದ ಗುಟ್ಟನ್ನು ಮನೆಯವರಿಗೆ ಹೇಳಬಾರದು ಎಂಬುದು ನನ್ನ ವೃತ್ತಿಯ ಮೊದಲ ಪಾಠ. ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಹೇಳಬಹುದು ಎಂಬುದು ಅದರ ಕೆಳಗಿನ ಸಣ್ಣ ಸಾಲು. ತರಬೇತಿಯಲ್ಲಿ ಈ ಸಾಲಿನ ಬಗ್ಗೆ ನಾವು ಚಹಾ ಕುಡಿಯುತ್ತ ತಾಸುಗಟ್ಟಲೆ ಚರ್ಚೆ ಮಾಡಿದ್ದೇವೆ. ಆಗ ಯಾರೂ ನನ್ನ ಮಣಿಕಟ್ಟನ್ನು ಹಿಡಿದುಕೊಂಡು "ಆಣಿ ಮಾಡೀದಿ" ಎನ್ನುತ್ತಿರಲಿಲ್ಲ. ಇವರು ಹಿಡಿದುಕೊಂಡಿದ್ದರು. ಕೂಸಿನ ಭಯವೂ ಅಳಿಯನ ಭಯವೂ ಒಂದೇ ಕೈಯಲ್ಲಿತ್ತು. ನಾನು ಆ ಬೆರಳುಗಳನ್ನು ಬಿಡಿಸಿ ಹೊರಗೆ ಹೋದೆ.

ಅಳಿಯನಿಗೆ ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಆತ ಕೂಡಲೇ ಫೋನ್ ಒತ್ತಿದ. ರಿಂಗಾಯಿತು, ಆಯಿತು, ನಿಂತಿತು. ಮತ್ತೆ ಒತ್ತಿದ. ಆಮೇಲೆ ಸ್ಪೀಕರಿಗೆ ಹಾಕಿದ. ಫೋನು ನಾನೇ ಹಿಡಿದುಕೊಂಡೆ.

"ಅವ್ವ ಹೆಂಗದಾಳ?" ಎಂದಿತು ಆ ಕಡೆಯ ದನಿ.

"ಕೂಸಿಗೆ ಬಜಿ ಕೊಟ್ಟೀಯೇನು?" ಎಂದ ಅಳಿಯ.

"ತೇಯ್ದು ಒಳಲಿಯೊಳಗ ಹಾಕಿ ಇಟ್ಟೀನಿ. ಮಲಗ್ಯಾನ, ಎಬ್ಬಿಸಲಿಲ್ಲ. ಯಾಕ?"

ನಾನು ಹೇಳಿದೆ. ಅದನ್ನು ಮುಟ್ಟಬೇಡಿ, ಕೈ ಸೋಪು ಹಾಕಿ ತೊಳೆದುಕೊಳ್ಳಿ, ಕಲ್ಲು, ಕೂಸಿಗೆ ಕುಡಿಸುವ ಆ ಒಳಲೆ ಎರಡನ್ನೂ ಕವರಿಗೆ ಹಾಕಿ ಕಟ್ಟಿ, ಉಳಿದ ಬೇರಿನ ಫೋಟೋ ಕಳಿಸಿ, ಕೂಸನ್ನು ಕರೆದುಕೊಂಡು ಇಲ್ಲಿಗೆ ಬನ್ನಿ. ಆ ಕಡೆಯಿಂದ ಅಳು ಕೇಳಿಸಿತು. ಅದು ಕೂಸಿನದೋ ತಾಯಿಯದೋ ತಿಳಿಯಲಿಲ್ಲ.

ಫೋಟೋ ಬಂತು. ವಿಷ ಮಾಹಿತಿ ಕೇಂದ್ರದವರಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಬೇರಿನ ಪರೀಕ್ಷೆ ಮುಗಿಯಲು ದಿನಗಳೇ ಬೇಕು, ಆದರೆ ಜುಮ್ಮೆನ್ನುವ ಬಾಯಿ, ದಿಕ್ಕು ಬದಲಿಸುವ ಬಡಿತ, ಕುದಿಸದ ಬೇರು ಮೂರೂ ಸೇರಿದರೆ ವತ್ಸನಾಭಿಯ ಜಾತಿಯದೇ ಎಂದು ಅವರೂ ಒಪ್ಪಿದರು. ಇದಕ್ಕೆ ಪ್ರತಿವಿಷವಿಲ್ಲ. ಹೃದಯವನ್ನು ನಡೆಸಿಕೊಂಡು ವಿಷ ಇಳಿಯುವವರೆಗೆ ಕಾಯಬೇಕು, ಅಷ್ಟೇ. ಕನ್ಸಲ್ಟೆಂಟ್ ಕಿವಿಗೊಟ್ಟು ಕೇಳಿದರು, ಎಕೋ ಯಂತ್ರದಲ್ಲಿ ಹೃದಯವನ್ನು ಇನ್ನೊಮ್ಮೆ ನೋಡಿ ರಕ್ತನಾಳ ಕಟ್ಟಿಕೊಂಡ ಸುಳಿವಿಲ್ಲ ಎಂದು ಖಚಿತಪಡಿಸಿಕೊಂಡರು, ಕೃತಕವಾಗಿ ರಕ್ತ ಹರಿಸುವ ಯಂತ್ರವಿರುವ ದೊಡ್ಡ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿದರು. ಆಮೇಲೆ ಫ್ಲೆಕೈನೈಡ್ ಎಂದರು. ಪ್ರಮಾಣವನ್ನು ನಾನು ಲೆಕ್ಕ ಹಾಕಿದೆ, ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಿದೆ, ಕೊಟ್ಟೆ. ನರ್ಸ್ ಅದನ್ನು ನಿಧಾನವಾಗಿ ನರಕ್ಕೆ ಹರಿಸಿದರು.

ಪರದೆಯನ್ನೇ ನೋಡುತ್ತ ನಿಂತೆವು. ಮೊದಲು ಏನೂ ಬದಲಾಗಲಿಲ್ಲ. ಆಮೇಲೆ ಗೆರೆಯ ಮೇಲೆ-ಕೆಳಗಿನ ಓಟ ಸ್ವಲ್ಪ ವಿರಳವಾಯಿತು. ನಡುನಡುವೆ ನೆಟ್ಟಗಿನ ಬಡಿತಗಳು ಉದ್ದವಾದವು. ಸಂಜೆಯ ಹೊತ್ತಿಗೆ ಒಂದೊಂದು ಬಡಿತ ಮಾತ್ರ ತಪ್ಪುತ್ತಿತ್ತು. ಕೂಸಿನ ಇಸಿಜಿಯೂ ಆಯಿತು. ಏನೂ ಆಗಿರಲಿಲ್ಲ. ಮಕ್ಕಳ ವಾರ್ಡಿನವರು ಒಂದು ರಾತ್ರಿ ಇರಿಸಿಕೊಂಡು ಕಳಿಸಿದರು. ನಾನು ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅತ್ತುಬಿಟ್ಟೆ. ಸಂತೋಷಕ್ಕೋ ಹೆದರಿಕೆಗೋ ಈಗಲೂ ಗೊತ್ತಿಲ್ಲ.

ಮಾರನೆಯ ದಿನ ಚೀನೀ ಅಜ್ಜಿ ಬಂದರು. ವಿಷಯ ಹೇಗೋ ತಿಳಿದು, ಉಳಿದ ಪೊಟ್ಟಣವನ್ನೂ ತಂದಿದ್ದರು. ಆಸ್ಪತ್ರೆಯ ಫೋನ್ ದುಭಾಷಿಯ ಮೂಲಕ ಮಾತಾಡಿಸಿದೆ. ತಾನು ಅರ್ಧ ದಿನ ಕುದಿಸುತ್ತೇನೆ, ನಾಲಿಗೆಗೆ ಮುಟ್ಟಿಸಿ ಚುರುಗುಟ್ಟದಿದ್ದರೆ ಮಾತ್ರ ಕುಡಿಯುತ್ತೇನೆ, ಅವರಿಗೂ ಕೈ ತಿರುಗಿಸಿ ತೋರಿಸಿದ್ದೆ ಎಂದು ಮತ್ತೆ ಮತ್ತೆ ಹೇಳಿದರು. ತೋರಿಸಿದ್ದು ನಿಜ, ಇವರಿಗೆ ತಿಳಿದದ್ದೂ ನಿಜ. ಅರ್ಧ ದಿನ ಕುದಿಸಿದರೂ ಪ್ರತಿ ಬೇರೂ ಒಂದೇ ಹದಕ್ಕೆ ಬರುವುದಿಲ್ಲ, ಇನ್ನು ಕುಡಿಯಬೇಡಿ ಎಂದು ಹೇಳಿ ಪೊಟ್ಟಣ ಇಸಿದುಕೊಂಡೆ. ಕೊಡುವಾಗ ಅವರ ಮುಖ ಸಣ್ಣದಾಯಿತು. ಅವರ ಮೊಣಕಾಲಿಗೂ ಇನ್ನು ಬೇರೆ ದಾರಿ ಹುಡುಕಬೇಕಿತ್ತು. ಆಮೇಲೆ ಹೋಗಿ ನಮ್ಮ ಅಮ್ಮನ ಮಂಚದ ಪಕ್ಕ ಕೂತರು. ಇಬ್ಬರೂ ಕೈ ಕೈ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದರು.

ಡಿಸ್ಚಾರ್ಜ್ ದಿನ ಮಾತ್ರೆಗಳನ್ನು ವಿವರಿಸಲು ನಾನೇ ಹೋದೆ. ಬೇರೆಯವರನ್ನು ಕಳಿಸಬಹುದಿತ್ತು. ಅಮ್ಮ ಕುರ್ಚಿಯಲ್ಲಿ ಕೂತಿದ್ದರು, ಸೀರೆ ಉಟ್ಟು, ಮೇಲೆ ಮಗಳ ದಪ್ಪ ಸ್ವೆಟರು. ನನ್ನನ್ನು ನೋಡಿ ಮುಖ ಕಿಟಕಿಗೆ ತಿರುಗಿಸಿದರು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದೆ.

"ಆಣಿ ಮಾಡಿದ್ದಿ" ಎಂದರು.

"ಹೌದಮ್ಮ. ಮುರಿದೆ."

"ಕೂಸಿನ ಸಲುವಾಗಿ ಮುರದಿ. ನಾ ಇದ್ರೂ ಮುರೀತಿದ್ದೆ." ಸ್ವೆಟರಿನ ತೋಳು ಎಳೆದುಕೊಳ್ಳುತ್ತ, "ಆದ್ರ ಅಳ್ಯಾ ನಾಕ ದಿನದಿಂದ ನನ್ನ ಕೂಡ ಮಾತಾಡವಲ್ರು" ಎಂದರು.

ಅಷ್ಟರಲ್ಲಿ ಅಳಿಯ ಬಂದ. ಕೈಯಲ್ಲಿ ಅತ್ತೆಯ ಕಾಲುಚೀಲ, ಬೂಟು. ಅತ್ತೆ ಬಗ್ಗಿ ತೆಗೆದುಕೊಳ್ಳಲು ಕೈ ಚಾಚಿದರು. ಮೊಣಕಾಲು ಮಡಚಲಿಲ್ಲ. ಆತ ಅವರ ಮುಂದೆ ನೆಲದ ಮೇಲೆ ಕೂತುಬಿಟ್ಟ. ಅಮ್ಮ ಬೆಂಕಿ ತಾಗಿದಂತೆ ಕಾಲು ಹಿಂದಕ್ಕೆಳೆದುಕೊಂಡರು.

"ಬ್ಯಾಡ್ರಿ. ನೀವು ಮುಟ್ಟಬಾರದ್ರಿ. ಏಳ್ರಿ."

ಅವನು ಏಳಲಿಲ್ಲ. ಕಾಲುಚೀಲವನ್ನು ಪಕ್ಕಕ್ಕಿಟ್ಟ. ತಲೆ ಎತ್ತದೆಯೇ ಕೇಳಿದ. ನಾನು ಮೂಳೆ ಡಾಕ್ಟರುಗಳು ಹಾಗೆ ಕೇಳುವುದನ್ನು ಸಾವಿರ ಸಲ ಕೇಳಿದ್ದೇನೆ, ಅಷ್ಟು ಮೆಲ್ಲಗೆ ಕೇಳಿದ್ದನ್ನು ಮಾತ್ರ ಅದೇ ಮೊದಲು ಕೇಳಿದ್ದು.

"ಅತ್ತೀ, ಯಾವ ಕಾಲು ಭಾಳ ನೋಯತೈತ್ರಿ?"

ಅಮ್ಮ ನನ್ನ ಕಡೆ ನೋಡಿದರು. ಆಮೇಲೆ ಸೀರೆಯ ನಿರಿಗೆಯನ್ನು ಎರಡು ಬೆರಳಲ್ಲಿ ಹಿಡಿದು, ಮೊಣಕಾಲಿನ ತನಕ, ಮೆಲ್ಲಗೆ ಎತ್ತಿದರು.

"ಎಡಗಾಲು" ಎಂದರು.